ಗೋವಾಕ್ಕೆ ಕಾರಾ, ವಿಮಾನನಾ? ನಮ್ಮ ಮನೆಯ ಮೂರು ವಾರದ ಪಂಚಾಯ್ತಿ

ಗೋವಾಕ್ಕೆ ಹೋಗೋಣ ಅಂತ ನಿರ್ಧಾರವಾಗಲು ನಮ್ಮ ಮನೆಯಲ್ಲಿ ಐದು ನಿಮಿಷ ಸಾಕಾಯಿತು. ಹೇಗೆ ಹೋಗೋದು ಅಂತ ನಿರ್ಧಾರವಾಗಲು ಮೂರು ವಾರ ಹಿಡಿಯಿತು.

ನಾವು ಐದು ಜನ. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ನಾಲ್ಕು ವರ್ಷದ ಪುಟ್ಟ, ಮತ್ತೆ 68 ವರ್ಷದ ಅಮ್ಮ. ಮನೆ ಬನಶಂಕರಿ ಮೂರನೇ ಹಂತದಲ್ಲಿ. ವಿಳಾಸ ಯಾಕೆ ಹೇಳ್ತಿದೀನಿ ಅಂದರೆ, ಬೆಂಗಳೂರಿನಲ್ಲಿ ವಿಮಾನದ ಲೆಕ್ಕ ಶುರುವಾಗೋದೇ ಮನೆ ಎಲ್ಲಿದೆ ಅನ್ನೋದರಿಂದ. ಯಲಹಂಕದವರಿಗೆ ದೇವನಹಳ್ಳಿ ಪಕ್ಕದ ಬೀದಿ ಇದ್ದ ಹಾಗೆ. ನಮಗೆ ಊರಿನ ಈ ತುದಿಯಿಂದ ಆ ತುದಿ, 40 ಕಿಲೋಮೀಟರಿಗೂ ಜಾಸ್ತಿ. 2008ರ ಮೇ ತಿಂಗಳಲ್ಲಿ ಹೊಸ ನಿಲ್ದಾಣ ಶುರುವಾದಾಗ, ಎಚ್‌ಎಎಲ್ ನಿಲ್ದಾಣ ಹೋಯ್ತಲ್ಲ ಅಂತ ನನ್ನ ಅಪ್ಪ ಗೊಣಗಿದ್ದರು. ವಿಮಾನ ಹತ್ತುವವರಲ್ಲ ಅವರು. ಆದರೂ ಗೊಣಗಿದ್ದರು.

ರಜೆ ದಸರಾದ್ದು. ಹೆಂಡತಿಗೆ ಸಿಕ್ಕಿದ್ದು ಬುಧವಾರದಿಂದ ಶುಕ್ರವಾರ, ಜೊತೆಗೆ ಶನಿವಾರ ಭಾನುವಾರ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಆಡಿಟ್, ತಪ್ಪಿಸುವ ಹಾಗಿಲ್ಲ. ನನಗೆ ಮಂಗಳವಾರದವರೆಗೂ ರಜೆ ಇತ್ತು. ಮಕ್ಕಳ ಶಾಲೆ ಇನ್ನೂ ಒಂದು ವಾರ ಇರಲಿಲ್ಲ.

ರೈಲು ಯಾಕಿಲ್ಲ ಅಂತ ಕೇಳ್ತೀರಿ. ನಾವೂ ಮೊದಲು ಅದನ್ನೇ ನೋಡಿದೆವು. ಕಾರವಾರಕ್ಕೆ ರಾತ್ರಿಯಿಡೀ ಓಡುವ ಪಂಚಗಂಗಾ ಇದೆ, ಬೆಳಿಗ್ಗೆ ಕಡಲ ತೀರದ ಊರಲ್ಲಿ ಇಳಿಯಬಹುದು. ಆದರೆ ಬುಕಿಂಗ್ 60 ದಿನ ಮುಂಚೆಯೇ ತೆರೆಯುತ್ತದೆ. ನಾವು ಎಚ್ಚೆತ್ತುಕೊಂಡಾಗ ನಮ್ಮ ತಾರೀಖಿಗೆ ವೇಟಿಂಗ್ ಲಿಸ್ಟ್ ಉದ್ದಕ್ಕೆ ಬೆಳೆದಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ಎರಡೇ. ನಾನು ಕಾರಿನ ಪಕ್ಷ, ಹೆಂಡತಿ ವಿಮಾನದ ಪಕ್ಷ. ಅಮ್ಮ ಯಾವ ಪಕ್ಷವೂ ಅಲ್ಲ. ಸಂಜೆ ಹುರುಳಿಕಾಯಿ ಬಿಡಿಸುತ್ತಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು.

"ನೋಡ್ರೀ, ಒಂದೂಕಾಲು ಗಂಟೆ. ಹತ್ತಿದ್ವಿ, ಇಳಿದ್ವಿ," ಅಂದಳು ಹೆಂಡತಿ.

ಈ ಒಂದೂಕಾಲು ಗಂಟೆಯೇ ಮೋಸ. ಹಾಲಿನ ಲೆಕ್ಕ ಬರೆಯುವ ಮಗಳ ಹಳೇ ನೋಟ್‌ಬುಕ್ ತಗೊಂಡು ಬರೆದೆ. ಬೆಳಿಗ್ಗೆ ಎಂಟರ ವಿಮಾನ ಅಂತಿಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ರಜೆಯ ಜನ, ಐದು ಜನರ ಬ್ಯಾಗು, ಅಮ್ಮನ ಮಂಡಿ ಎಲ್ಲ ಸೇರಿ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಅಂದರೆ ಆರಕ್ಕೆ. ಮನೆಯಿಂದ ನಾಲ್ಕೂವರೆಗೆ ಹೊರಡಬೇಕು. ಅಲ್ಲಿ ಒಂಬತ್ತೂಕಾಲಿಗೆ ಇಳಿದು, ಬೆಲ್ಟ್ ಹತ್ತಿರ ಕಾದು, ಗಾಡಿ ಹಿಡಿದು, ಊರು ಸೇರುವ ಹೊತ್ತಿಗೆ ಹನ್ನೊಂದೂವರೆ. ಒಟ್ಟು ಏಳು ಗಂಟೆ. ಕಾರಿನಲ್ಲಿ ಸುಮಾರು 600 ಕಿಲೋಮೀಟರ್, ಊಟ ತಿಂಡಿ ಸೇರಿ ಹನ್ನೆರಡು ಗಂಟೆ.

"ಐದು ಗಂಟೆ ಉಳೀತಲ್ಲ," ಅಂದಳು.

"ಐದು ಗಂಟೆಗೆ ನಲವತ್ತು ಸಾವಿರ," ಅಂದೆ ನಾನು.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ನಾನು ಒಂದೆರಡು ಪಾಠ ಕಲಿತೆ. ಕಾರಿಗೆ ಐದು ಜನ ಕೂತರೂ ಒಂದೇ ಟ್ಯಾಂಕ್. ವಿಮಾನಕ್ಕೆ ತಲೆ ಲೆಕ್ಕ. ಎರಡು ವರ್ಷ ದಾಟಿದ ಮಗುವಿಗೂ ಪೂರ್ತಿ ಸೀಟಿನ ದುಡ್ಡು ಕೊಡಬೇಕು. ಅಂದರೆ ನನ್ನ ಅರ್ಧದಷ್ಟೂ ಎತ್ತರವಿಲ್ಲದ ಪುಟ್ಟನಿಗೂ ನನ್ನಷ್ಟೇ ದರ. ಮೊದಲ ದಿನ ಹೆಂಡತಿ ಒಬ್ಬರಿಗೆ ಅಂತ ಹುಡುಕಿದಾಗ ಹೋಗುವ ಟಿಕೆಟ್ 3,900 ತೋರಿಸಿತು. ಖುಷಿಯಿಂದ ಐದು ಜನಕ್ಕೆ ಅಂತ ಬದಲಾಯಿಸಿದಳು. ಒಬ್ಬೊಬ್ಬರಿಗೆ 4,850 ಆಯಿತು. ನಾವು ನೋಡಿದ್ದಕ್ಕೇ ಅವರು ಬೆಲೆ ಏರಿಸಿದರು ಅಂತ ಅವಳು ಸಿಟ್ಟಾದಳು. ಅದು ಹಾಗಲ್ಲ. ವಿಮಾನದ ಸೀಟುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಬೆಲೆಗೆ ಇಟ್ಟಿರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಎರಡೇ ಸೀಟು ಉಳಿದಿದ್ದು ನೀವು ಐದು ಕೇಳಿದರೆ, ಐದೂ ಇರುವ ಮೇಲಿನ ಮೆಟ್ಟಿಲಿಗೆ ಎಲ್ಲರನ್ನೂ ಒಟ್ಟಿಗೆ ಹತ್ತಿಸುತ್ತಾರೆ. ಬೇಕಿದ್ದರೆ ಎರಡು ಮತ್ತು ಮೂರಾಗಿ ಒಡೆದು ಹುಡುಕಿ ನೋಡಿ, ಕೆಲವು ಸಲ ಸಾವಿರ ಎರಡು ಸಾವಿರ ಉಳಿಯುತ್ತದೆ.

ಭಾನುವಾರ ವಾಪಸ್ ಬರುವ ಟಿಕೆಟ್ ಇನ್ನೂ ದುಬಾರಿ, ತಲೆಗೆ 5,900. ಎಲ್ಲ ಸೇರಿ 53,750. ನಿಲ್ದಾಣಕ್ಕೆ ಹೋಗಿ ಬರಲು ದೊಡ್ಡ ಟ್ಯಾಕ್ಸಿ 4,400. ಬನಶಂಕರಿಯಿಂದ ವಾಯು ವಜ್ರ ಬಸ್ಸಿದೆ, ಒಬ್ಬನೇ ಹೋಗುವಾಗ ನಾನು ಅದರಲ್ಲೇ ಹೋಗೋದು. ಆದರೆ ಬೆಳಗಿನ ಜಾವ ನಿದ್ದೆಗಣ್ಣಿನ ಮಗುವನ್ನೂ ಆರು ಬ್ಯಾಗನ್ನೂ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗು ಅಂದರೆ ಆಗುತ್ತಾ? ಗೋವಾದಲ್ಲಿ ಓಡಾಡಲು ಬಾಡಿಗೆ ಕಾರು, ಐದು ದಿನಕ್ಕೆ 9,000. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತಲ್ಲ, ಆ ಗಾಡಿ. ಒಟ್ಟು 67,150.

ಕಾರಿನದು ಹೀಗೆ. ಅಲ್ಲಿ ಓಡಾಡುವುದೂ ಸೇರಿ 1,500 ಕಿಲೋಮೀಟರ್, ಲೀಟರಿಗೆ 15, ಅಂದರೆ 100 ಲೀಟರ್. ಪೆಟ್ರೋಲಿಗೆ 10,300. ದಾರಿಯಲ್ಲಿ ಹೋಗುತ್ತಾ ಬರುತ್ತಾ ಒಂದೊಂದು ರಾತ್ರಿ ತಂಗಲು 10,000. ಊಟ ತಿಂಡಿಗೆ 3,000. ಸರ್ವಿಸ್, ಟೈರು ಸವೆತ ಅಂತ ಇನ್ನೂ 3,000 ಹಾಕಿದೆ. ಇದನ್ನು ಕಾರಿನ ಪಕ್ಷದವರು ಯಾರೂ ಬರೆಯುವುದಿಲ್ಲ. ಒಟ್ಟು 26,300. ಟೋಲ್ ಸೇರಿಸಲಿಲ್ಲ. 2025ರ ಆಗಸ್ಟ್ 15ಕ್ಕೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾದಾಗ 3,000 ಕೊಟ್ಟು ಮಾಡಿಸಿದ್ದೆ. ವರ್ಷಕ್ಕೆ 200 ಸಲ ದಾಟಬಹುದು. ಕರಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಎಲ್ಲ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳೇ. ಒಂದೊಂದೂ ಒಂದೊಂದು ಸಲ ಅಂತ ಕಳೆಯುತ್ತದೆ, ಅಷ್ಟೇ.

ನೋಟ್‌ಬುಕ್ಕನ್ನು ಹೆಂಡತಿಯ ಮುಂದಿಟ್ಟು ಗೆದ್ದೆ ಅಂದುಕೊಂಡೆ. ಅವಳು ಓದಿ ಕೇಳಿದ್ದು ಒಂದೇ ಮಾತು. "ಎರಡು ರಾತ್ರಿ ದಾರಿಯಲ್ಲಿ ಮಲಗಿದ್ರೆ, ನನ್ನ ಐದು ದಿನದ ರಜೆಯಲ್ಲಿ ಸಮುದ್ರ ಎಷ್ಟು ದಿನ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಧ್ಯೆ ಒಂದು ದಿನ ಭಾವಮೈದ ಫೋನ್ ಮಾಡಿ, ತಲೆಗೆ 900 ಕಡಿಮೆಗೆ ಟಿಕೆಟ್ ಇದೆ, ತಕ್ಷಣ ಹಾಕಿ ಅಂದ. ಹೆಂಡತಿ ಕಾರ್ಡ್ ನಂಬರ್ ಹಾಕುವವರೆಗೂ ಹೋದಳು. ಇನ್ನೇನು ಒತ್ತಬೇಕು, ಮಗಳು ಹಿಂದಿನಿಂದ ಬಗ್ಗಿ, "ಅಮ್ಮ, ಇದು ಬೇರೆ ಏರ್‌ಪೋರ್ಟ್," ಅಂದಳು. ಗೋವಾಕ್ಕೆ ಈಗ ಎರಡು ನಿಲ್ದಾಣ. ಹಳೆಯದು ದಾಬೋಳಿಂ, ನೌಕಾಪಡೆಯ ನೆಲೆಯಲ್ಲಿರುವುದು. ಹೊಸದು ಮೋಪಾ, 2023ರ ಜನವರಿಯಲ್ಲಿ ಶುರುವಾಗಿದ್ದು. ಅದಿರುವುದು ಉತ್ತರದ ತುದಿಯಲ್ಲಿ, ಪೆರ್ನೆಂ ಕಡೆ. ನಾವು ಮನೆ ಹಿಡಿದಿದ್ದು ದಕ್ಷಿಣದ ತುದಿಯಲ್ಲಿ, ಪಾಲೊಲೆಮ್ ಹತ್ತಿರ. ದಾಬೋಳಿಂನಿಂದ ಅರವತ್ತು ಚಿಲ್ಲರೆ ಕಿಲೋಮೀಟರ್, ಮೋಪಾದಿಂದ ನೂರರ ಹತ್ತಿರ. ಉಳಿದ ದುಡ್ಡೂ ಹೊತ್ತೂ ಟ್ಯಾಕ್ಸಿಗೆ ಹೋಗುತ್ತಿತ್ತು. ಗೋವಾಕ್ಕೆ ಟಿಕೆಟ್ ಮಾಡುವವರು ಇದೊಂದನ್ನು ದಯವಿಟ್ಟು ಎರಡು ಸಲ ನೋಡಿ.

ಆಮೇಲೆ ಕೊಬ್ಬರಿ ರಾಮಾಯಣ. ಅಮ್ಮನ ತವರು ತಿಪಟೂರು. ಎಲ್ಲಿಗೆ ಹೋದರೂ ಅವರ ಚೀಲದಲ್ಲಿ ನಾಲ್ಕು ಕೊಬ್ಬರಿ ಗಿಟುಕು ಇರಲೇಬೇಕು. ಹಿಡಿದ ಮನೆಯಲ್ಲಿ ಅಡುಗೆಮನೆ ಇತ್ತು, ಅಮ್ಮ ಹೊರಗೆ ಊಟ ಮಾಡುವವರಲ್ಲ. ಅಕ್ಕಿ, ಸಾರಿನ ಪುಡಿ, ಚಿಕ್ಕ ಕುಕ್ಕರ್, ಕೊಬ್ಬರಿ ಅಂತ ಪಟ್ಟಿ ಮಾಡಿದ್ದರು. ವಿಮಾನದಲ್ಲಿ ತಲೆಗೆ 15 ಕೆಜಿ ಕೆಳಗೆ, 7 ಕೆಜಿ ಕೈಯಲ್ಲಿ. ಅದೇನೋ ಹೊಂದಿಸಬಹುದಿತ್ತು. ಆದರೆ ಒಣ ಕೊಬ್ಬರಿ ಒಯ್ಯುವ ಹಾಗಿಲ್ಲ ಅಂತ ಹೆಂಡತಿ ಓದಿ ಹೇಳಿದಳು. ಅದರಲ್ಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯಕಾರಿ ಸಾಮಾನಿನ ಲೆಕ್ಕಕ್ಕೆ ಸೇರಿಸಿದ್ದಾರೆ.

"ಅಟ್ಟದ ಮೇಲೆ ವರ್ಷಗಟ್ಟಲೆ ಇಡ್ತಿದ್ವಲ್ಲೇ, ಯಾವತ್ತು ಹೊತ್ಕೊಂಡಿದೆ? ಕೊಬ್ಬರಿ ಏನು ಬಾಂಬಾ?" ಅಂದರು ಅಮ್ಮ. ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ಅವರು ಮಾತಾಡಿದ್ದು ಅದೇ ಮೊದಲು. ಕಾರಿನ ಪಕ್ಷಕ್ಕೆ ಒಂದು ವೋಟು ಬಿತ್ತು ಅಂತ ನಾನು ಬರೆದುಕೊಂಡೆ.

ಹೆಂಡತಿ ಅವರ ಕಡೆ ತಿರುಗಿ, "ಅತ್ತೆ, ವಿಮಾನದಲ್ಲಾದ್ರೆ ನಿಮಗೆ ವೀಲ್‌ಚೇರ್ ಕೊಡ್ತಾರೆ. ಟಿಕೆಟ್ ಮಾಡುವಾಗಲೇ ಹೇಳಿದ್ರೆ ಸಾಕು, ದುಡ್ಡು ಕೊಡಬೇಕಾಗಿಲ್ಲ," ಅಂದಳು.

"ನಾನೇನು ರೋಗಿನಾ?" ಅಂತ ಅಮ್ಮ ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು.

ಎರಡನೇ ವಾರದ ಕೊನೆಗೆ ಇಬ್ಬರಿಗೂ ಸಾಕಾಗಿತ್ತು. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಂಡತಿ ಕೇಳಿದಳು. "ಸರಿ, ಕಾರೇ ಅಂತಿಟ್ಕೊಳ್ಳಿ. ಹೋಗೋದು ಬಿಡಿ. ವಾಪಸ್ ಬರೋದು ಹೇಳಿ. ಶನಿವಾರ ಹೊರಟು ಹುಬ್ಬಳ್ಳೀಲಿ ಮಲಗಿ, ಭಾನುವಾರ ರಾತ್ರಿ ನೆಲಮಂಗಲಕ್ಕೆ ಬರ್ತೀವಿ. ಇಡೀ ಬೆಂಗಳೂರು ಅವತ್ತೇ ವಾಪಸ್ ಬರ್ತಿರುತ್ತೆ. ಹೋದ್ವರ್ಷ ಸಕಲೇಶಪುರದಿಂದ ಬಂದಿದ್ದು ನೆನಪಿದೆಯಾ?"

ನೆನಪಿತ್ತು. ಅವಳಿಗೆ ನೆನಪಿದ್ದದ್ದು ನೆಲಮಂಗಲದಿಂದ ಗೊರಗುಂಟೆಪಾಳ್ಯ ದಾಟಲು ಹಿಡಿದ ಎರಡು ಗಂಟೆ. ನನಗೆ ನೆನಪಿದ್ದದ್ದು ಬೇರೆ. ನಾನದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ಕುಣಿಗಲ್‌ಗೆ ಮುಂಚೆ, ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಹಿಂದೆ ಮೂವರೂ ಮಲಗಿದ್ದರು. ರಸ್ತೆ ನೆಟ್ಟಗೆ, ಖಾಲಿ. ಎದುರಿನ ಲಾರಿಯ ಕೆಂಪು ದೀಪ ನೋಡುತ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಚಕ್ರದ ಕೆಳಗೆ ಗರಗರ ಅಂತ ಸದ್ದು. ಕಾರು ಬಿಳಿ ಗೆರೆ ದಾಟಿ ಅಂಚಿಗೆ ಬಂದಿತ್ತು. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಒಂದು ಸೆಕೆಂಡಾ, ಎರಡಾ, ಹೇಳಲಾರೆ. ಸ್ಟಿಯರಿಂಗ್ ಹಿಡಿದ ಎರಡೂ ಅಂಗೈ ಒದ್ದೆಯಾಗಿದ್ದವು.

ಅದನ್ನು ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ, ಸುಮ್ಮನಾದಳು. ಅದು ಬೈಗುಳಕ್ಕಿಂತ ಕಷ್ಟ.

ರೂಮಿನಿಂದ ಅಮ್ಮ ಎದ್ದು ಬಂದರು. ನೀರಿಗೆ ಅಂತ ಬಂದವರು ಬಾಗಿಲಲ್ಲೇ ನಿಂತರು. "ನಂಗೊತ್ತಿತ್ತು ಕಣೋ. ನಾನು ಎಚ್ಚರವಾಗೇ ಇದ್ದೆ," ಅಂದರು.

ಮಂಡಿ ಚಾಚಲು ಜಾಗ ಬೇಕು ಅಂತ ಅಮ್ಮ ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುವುದು. ಆಗ ನನಗೆ ನೆನಪಾಯಿತು. ಅವತ್ತು ಕುಣಿಗಲ್‌ನಿಂದ ಬೆಂಗಳೂರಿನವರೆಗೆ ಅಮ್ಮ ಬಾಯಿ ಮುಚ್ಚಿರಲಿಲ್ಲ. ಟೊಮೇಟೊ ಕೆಜಿಗೆ ಎಷ್ಟಾಗಿದೆ, ನಿಮ್ಮ ಆಫೀಸಿನ ಆ ಉದ್ದನೆಯ ಹುಡುಗನಿಗೆ ಮದುವೆ ಆಯ್ತಾ, ಈ ಊರಲ್ಲಿ ಬೋರ್ ನೀರು ಸಿಹಿನಾ ಉಪ್ಪಾ ಅಂತ ಒಂದಾದ ಮೇಲೊಂದು ಪ್ರಶ್ನೆ. ನನಗೆ ಎಷ್ಟು ಕಿರಿಕಿರಿ ಆಗಿತ್ತು ಅಂದರೆ, "ಸುಮ್ನಿರಮ್ಮ, ಗಾಡಿ ಓಡಿಸ್ತಿದೀನಿ," ಅಂತ ರೇಗಿದ್ದೆ ಕೂಡ. ಅವರು ಒಂದು ನಿಮಿಷ ಸುಮ್ಮನಿದ್ದು ಮತ್ತೆ ಕೇಳಿದ್ದರು, ಟೊಮೇಟೊ ಬಗ್ಗೆಯೇ.

ಅಲ್ಲಿಂದ ಮುಂದೆ ಪಂಚಾಯ್ತಿ ಬೇಗ ಬಗೆಹರಿಯಿತು. ಹೋಗುವ ಲೆಕ್ಕ, ಬರುವ ಲೆಕ್ಕ ಎರಡನ್ನೂ ಒಂದೇ ಅಂತ ಹಿಡಿದಿದ್ದೇ ನಮ್ಮ ತಪ್ಪಾಗಿತ್ತು. ಹೋಗುವಾಗ ಎಲ್ಲರಿಗೂ ಹುರುಪು, ಬುಧವಾರದ ರಸ್ತೆ ಖಾಲಿ, ದಾರಿಯೇ ಅರ್ಧ ರಜೆ. ಬರುವಾಗ ಸುಸ್ತು, ಭಾನುವಾರ, ಮರುದಿನ ಆಡಿಟ್. ನಮ್ಮಲ್ಲಿ ದೇಶದೊಳಗಿನ ವಿಮಾನಕ್ಕೆ ಹೋಗಿಬರುವ ಟಿಕೆಟ್ ಒಟ್ಟಿಗೆ ಕೊಂಡರೆ ದೊಡ್ಡ ಉಳಿತಾಯವೇನೂ ಇರಲ್ಲ, ಒಂದೊಂದು ಕಡೆಗೂ ಬೇರೆ ಬೇರೆಯೇ ದರ. ಹಾಗಾಗಿ ಬರೀ ಬರುವುದಕ್ಕೆ ಟಿಕೆಟ್ ಮಾಡಿದರೆ ನಷ್ಟವಿಲ್ಲ. ಎಲ್ಲರೂ ಕಾರಿನಲ್ಲಿ ಹೋಗೋದು. ಭಾನುವಾರ ಹೆಂಡತಿ, ಅಮ್ಮ, ಪುಟ್ಟ ವಿಮಾನದಲ್ಲಿ ವಾಪಸ್. ನಾನು ಮತ್ತು ಮಗಳು ಹುಬ್ಬಳ್ಳಿಯಲ್ಲಿ ತಂಗಿ, ಸೋಮವಾರ ಹಗಲು ಹೊತ್ತಿನಲ್ಲೇ ಬರೋದು. ಮೂರು ಜನಕ್ಕೆ ಹುಡುಕಿದಾಗ ತಲೆಗೆ 5,200ಕ್ಕೇ ಸಿಕ್ಕಿತು. ಎಲ್ಲ ಸೇರಿ ಸುಮಾರು 41 ಸಾವಿರ. ಇಬ್ಬರೂ ಗೆಲ್ಲಲಿಲ್ಲ.

ಅಮ್ಮನಿಗೆ ಉಳಿದಿದ್ದು ಗುಡ್ಡದ ಭಯ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಅವರು ದಿನಗಟ್ಟಲೆ ಟಿವಿಯಲ್ಲಿ ನೋಡಿದ್ದರು. ಮ್ಯಾಪ್ ತೆಗೆದು ತೋರಿಸಿದೆ. ಯಲ್ಲಾಪುರದಿಂದ ಅರಬೈಲ್ ಘಾಟ್ ಇಳಿದು ಬಾಳೆಗುಳಿ ಕ್ರಾಸಿಗೆ ಬಂದರೆ ಶಿರೂರು ಎಡಕ್ಕೆ, ಕುಮಟಾ ದಾರಿಯಲ್ಲಿ. ನಾವು ಬಲಕ್ಕೆ, ಕಾರವಾರದ ಕಡೆಗೆ. ಮಳೆಗಾಲವೂ ಮುಗಿದಿತ್ತು. "ಸರಿ ಬಿಡು," ಅಂದರು. ಆಯುಧ ಪೂಜೆಯ ದಿನ ಮಾತ್ರ ಕಾರಿಗೆ ಎಂದಿಗಿಂತ ದೊಡ್ಡ ಬೂದುಗುಂಬಳ ನಿವಾಳಿಸಲು ಹೇಳಿದರು.

ಬುಧವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ವಿಮಾನಕ್ಕಾದರೂ ಅದೇ ಹೊತ್ತಿಗೆ ಹೊರಡಬೇಕಿತ್ತು ಅಂತ ಹೆಂಡತಿಗೆ ನೆನಪಿಸಿ ಬೈಸಿಕೊಂಡೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ಎಣಿಸಲು ಹೋಗಿ ಪುಟ್ಟ ಇಪ್ಪತ್ತರ ನಂತರ ಮತ್ತೆ ಒಂದರಿಂದ ಶುರು ಮಾಡಿದ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಅಮ್ಮನನ್ನು ಹತ್ತು ಹೆಜ್ಜೆ ನಡೆಸುವುದು ಮಗಳ ಕೆಲಸ, ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಳು. ಹೆದ್ದಾರಿಯಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ ಹುಡುಕುವುದು ಈಗಲೂ ಅದೃಷ್ಟದ ಆಟ. ಪೆಟ್ರೋಲ್ ಬಂಕುಗಳಿಗಿಂತ ದೊಡ್ಡ ಹೋಟೆಲುಗಳೇ ವಾಸಿ, ಒಂದು ಕಾಫಿ ಕುಡಿದರೆ ಆಯಿತು. ತಡಸದ ಹತ್ತಿರ ಹೆದ್ದಾರಿ ಬಿಟ್ಟು ಮುಂಡಗೋಡ ದಾಟಿ ಯಲ್ಲಾಪುರ ಸೇರಿದಾಗ ನಾಲ್ಕೂ ಆಗಿರಲಿಲ್ಲ. ಅಲ್ಲೇ ತಂಗಿದೆವು.

ಮರುದಿನ ಅರಬೈಲ್ ಘಾಟಿನಲ್ಲಿ ಲಾರಿಗಳ ಹಿಂದೆ ಮೆಲ್ಲಗೆ ಇಳಿಯುವಾಗ ಪುಟ್ಟ ಬೆಳಗಿನ ತಿಂಡಿ ಪೂರ್ತಿ ವಾಪಸ್ ಕೊಟ್ಟ. ಸೀಟಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿದ್ದಕ್ಕೆ ಬಚಾವಾದೆವು. ಕಾರವಾರದಲ್ಲಿ ಕಾಳಿ ಸೇತುವೆ ದಾಟುವಾಗ ಪಕ್ಕದ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದಿದ್ದನ್ನು ನಾನು ಹೇಳಲಿಲ್ಲ. ಅಮ್ಮ ಕಡಲು ನೋಡುತ್ತಿದ್ದರು. ಪಾಲೊಲೆಮ್‌ಗೆ ಬಂದಾಗ ಹನ್ನೊಂದು. ಮನೆಯ ಕೀಲಿ ಕೊಟ್ಟಿದ್ದು ಹನ್ನೆರಡಕ್ಕೆ.

ಅಲ್ಲಿನ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಸಮುದ್ರ, ಮರಳು, ಅಮ್ಮನ ಕೊಬ್ಬರಿ ಹಾಕಿದ ಪಲ್ಯ.

ಭಾನುವಾರ ಹನ್ನೊಂದೂವರೆಗೆ ಮೂವರನ್ನೂ ದಾಬೋಳಿಂನಲ್ಲಿ ಇಳಿಸಿ ನಾವಿಬ್ಬರು ಫೋಂಡಾ, ಮೊಲೆಂ ಮೇಲೆ ಅನ್ಮೋಡ್ ಘಾಟ್ ಹತ್ತಿದೆವು. ಅವರ ವಿಮಾನ ಒಂದೂವರೆಗೆ. ಧಾರವಾಡದಲ್ಲಿ ಪೇಢಾ ಕಟ್ಟಿಸಿಕೊಳ್ಳುವಾಗ ಹೆಂಡತಿಗೆ ಫೋನ್ ಮಾಡಿದೆ. ವಿಮಾನ ಎರಡು ಗಂಟೆ ತಡವಾಗಿ, ಆಗಷ್ಟೇ ಬೆಂಗಳೂರಲ್ಲಿ ಇಳಿದಿದ್ದರು. ಅಮ್ಮ ಕೊನೆಗೂ ವೀಲ್‌ಚೇರ್ ಹತ್ತಿದ್ದಾರೆ, ಪುಟ್ಟನನ್ನು ತೊಡೆ ಮೇಲೆ ಕೂರಿಸಿಕೊಂಡು ಮೆರವಣಿಗೆ ಹೊರಟ ಹಾಗೆ ಇದೆ ಅಂದಳು. ಹುಬ್ಬಳ್ಳಿಯಲ್ಲಿ ರೂಮು ಹಿಡಿದು, ಗಿರ್ಮಿಟ್ಟು ಮಿರ್ಚಿ ತಿಂದು ಮತ್ತೆ ಕೇಳಿದರೆ, "ಇನ್ನೂ ಕಾರ್ಪೊರೇಷನ್ ಸರ್ಕಲ್ ರೀ," ಅಂದಳು. ಎಂಟೂವರೆಗೆ ಮನೆ ಸೇರಿದರಂತೆ. ಆಡಿಟ್‌ಗೆ ಸಾಕಾಗುವಷ್ಟು ನಿದ್ದೆ ಸಿಕ್ಕಿತು.

ಸೋಮವಾರ ಮಧ್ಯಾಹ್ನ ಊಟ ಆದ ಮೇಲೆ ಹಿರಿಯೂರು ದಾಟಿದ್ದೆವು. ಬಿಸಿಲು ಚುರುಕಾಗಿತ್ತು, ರಸ್ತೆ ನೆಟ್ಟಗಿತ್ತು. ಮಗಳು ಮುಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು. ಇಯರ್‌ಫೋನ್ ತೆಗೆದಳು.

"ಅಪ್ಪ, ಟೊಮೇಟೊ ಕೆಜಿಗೆ ಎಷ್ಟು?"

"ಯಾಕೆ?"

"ಅಜ್ಜಿ ಹೇಳಿಕೊಟ್ಟಿದ್ದಾರೆ. ಇನ್ನೂ ಒಂಬತ್ತು ಪ್ರಶ್ನೆ ಇದೆ."

ಮುಂದೆ ಸಿಕ್ಕಿದ ಚಹಾ ಅಂಗಡಿಯ ಹತ್ತಿರ ಕಾರು ನಿಲ್ಲಿಸಿದೆ.